ಹೊಸ ಕುರ್ಚಿಯ ಫೋಟೋ

ನನ್ನ ತಂಗಿಯ ಕೈಗೆ ಫೋನು ಸಿಕ್ಕರೆ ಮಂಗನ ಕೈಗೆ ಮಾಣಿಕ್ಯ ಸಿಕ್ಕ ಹಾಗೆಯೇ. ನಮ್ಮ ಬ್ಯೂಟಿ ಪಾರ್ಲರಿಗೆ ಹೊಸ ಕುರ್ಚಿ ಬಂದಿತ್ತು. ನಿನ್ನೆ ತೆಗೆದ ಅದರ ಫೋಟೋವನ್ನು ಬೆಳಗ್ಗೆ ಪಾರ್ಲರಿನ ಪೇಜಿಗೆ ಹಾಕಿದ್ದಳಂತೆ. ಊಟಕ್ಕೆ ಕೂತಾಗ ಹೆಮ್ಮೆಯಿಂದ ತೋರಿಸಿದಳು.

ಕುರ್ಚಿಯೇನೋ ಚೆನ್ನಾಗಿತ್ತು. ಅದರ ಹಿಂದಿನ ಕನ್ನಡಿ ನೋಡಿದೆ ನೋಡಿ, ಕೈಯ ತುತ್ತು ಕೈಯಲ್ಲೇ ಉಳಿಯಿತು. ಒಳಗಿನ ಮೂಲೆಯ ಪರದೆ ಸರಿದು, ಅಲ್ಲಿ ಕೂತಿದ್ದ ಗಣಿತದ ಟೀಚರ್ ಕನ್ನಡಿಯಲ್ಲಿ ಒಂದು ಪಕ್ಕದಿಂದ ಕಾಣುತ್ತಿದ್ದರು. ಮೈಮೇಲೆ ನಮ್ಮ ಕಪ್ಪು ಬಟ್ಟೆ, ತಲೆಯಲ್ಲಿ ಒಂದೇ ಒಂದು ಕೂದಲಿಲ್ಲ.

ಕಾಯಿಲೆಯ ಔಷಧಿಗೆ ಅವರ ಕೂದಲೆಲ್ಲ ಉದುರಿತ್ತು. ವಿಗ್ ತೊಳೆದು ಬಾಚಿ ಕೊಡುವವಳು ನಾನು. ಇದು ಅವರ ಶಾಲೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಆ ಬೋಳು ತಲೆಯನ್ನು ಅವರು ತಾವೂ ನೋಡಿಕೊಂಡವರಲ್ಲ. ವಿಗ್ ತೆಗೆದರೆ ಗೋಡೆಗೆ ಮುಖ ಮಾಡಿಯೇ ಕೂರುತ್ತಿದ್ದರು.

“ನಿನ್ನ ತಲೇಲಿ ಮಣ್ಣು ತುಂಬಿದೆಯೇನೇ? ಅವರ ಸ್ಕೂಲಿನ ಹುಡುಗೀರೆಲ್ಲ ಈ ಪೇಜ್ ನೋಡ್ತಾರೆ!”

“ಅಯ್ಯೋ ಅಕ್ಕಾ, ನಾನು ಕುರ್ಚಿ ಮಾತ್ರ ನೋಡಿದ್ದು...” ಅಳುತ್ತಲೇ ಅಳಿಸಿದಳು.

ಅಳಿಸಿದರೇನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಯಾರು ನೋಡಿದರೋ, ಯಾರು ಯಾರಿಗೆ ಕಳಿಸಿದರೋ.

ಸಂಜೆ ಟೀಚರೇ ನಗುನಗುತ್ತ ಬಂದು ಹೊಸ ಕುರ್ಚಿಯಲ್ಲಿ ಕೂತರು.

“ಫೋಟೋ ನೋಡಿದೆ ಕಣ್ರೀ. ನಿನ್ನೆ ಗಡಿಬಿಡೀಲಿ ಕುರ್ಚಿ ಗಮನಿಸಲೇ ಇಲ್ಲ. ಅಂದ ಹಾಗೆ, ಕನ್ನಡೀಲಿ ಇದ್ದೋರು ಯಾರು? ನನ್ನ ಹಾಗೇನೇ ಪಾಪ. ಆದ್ರೂ ಎಷ್ಟು ಲಕ್ಷಣವಾಗಿದ್ದಾರೆ! ಏನು ಧೈರ್ಯ! ನನ್ನ ಕೈಲಂತೂ ಆಗ್ತಿರಲಿಲ್ಲಪ್ಪ.”

ಸುಮ್ಮನಿರು ಎಂದು ತಂಗಿ ನನ್ನ ಕೈ ಹಿಸುಕಿದಳು. ಇರಬಹುದಿತ್ತು. ಆದರೆ ಊರೆಲ್ಲ ನೋಡಿದ್ದು ಅವರಿಗೊಬ್ಬರಿಗೆ ಗೊತ್ತಿಲ್ಲವೆಂದರೆ ಅದೆಂಥ ನ್ಯಾಯ?

“ಟೀಚರ್, ಅದು ನೀವೇ.”

ಅವರ ನಗು ನಿಂತಿತು. “ಹಾಕೋ ಮುಂಚೆ ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?” ಎಂದರು.

“ತಪ್ಪಾಯ್ತು ಟೀಚರ್,” ಎಂದ ತಂಗಿ ತಲೆ ಎತ್ತಲಿಲ್ಲ. ಟೀಚರ್ ಎಲ್ಲಿ ಇನ್ನು ನಮ್ಮ ಬಾಗಿಲು ತುಳಿಯುವುದಿಲ್ಲವೋ ಎಂದು ನನಗೆ ಅಳುವೇ ಬಂತು.

ಅವರು ಕುರ್ಚಿಯ ಕೈ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು: “ನಿಜವಾಗ್ಲೂ ಅದು ನಾನೇನಾ? ಅಷ್ಟು ಲಕ್ಷಣವಾಗಿ?”

“ನಾನು ಹೇಳಿದ್ದಲ್ಲ, ನೀವೇ ಹೇಳಿದ್ದು!” ಎಂದೆ.

ಟೀಚರಿಗೆ ನಗು ತಡೆಯಲಾಗಲಿಲ್ಲ. ನಮಗೂ ಜೀವ ಬಂತು.

“ಸ್ಕೂಲಲ್ಲಿ ಕೇಳಿದ್ರೆ ನಾನೇ ಹೇಳ್ಕೋತೀನಿ. ಈಗ ಬಾಗಿಲ ಪರದೆ ಎಳೀರಿ. ಏ ಹುಡುಗಿ, ನಿನ್ನ ಫೋನು ಆಚೆ ಇಟ್ಟು ಬಾ.”

ತಂಗಿ ಓಡಿದಳು. ಟೀಚರ್ ತಾವೇ ವಿಗ್ ತೆಗೆದು ನನ್ನ ಕೈಗೆ ಕೊಟ್ಟು, ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿಕೊಂಡರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ಹೊರಳಿಸಿ ನೋಡಿಕೊಂಡರು.

“ಇದನ್ನ ಎಲ್ಲರಿಗಿಂತ ಮೊದಲು ನಾನು ನೋಡಬೇಕಿತ್ತು ಕಣ್ರೀ,” ಎಂದರು.