ಎಂಟು ನಿಮಿಷ ಮುಂಚಿನ ಗಂಟೆ

ಝೆನ್ ಮಠದ ಏಳು ದಿನಗಳ ಸಾಮೂಹಿಕ ಧ್ಯಾನದಲ್ಲಿ ಗಂಟೆ ಬಾರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಡೀ ಮಠಕ್ಕೆ ಒಂದೇ ಗಡಿಯಾರ, ಅದು ನನ್ನ ಮುಂದೆ. ಉಳಿದ ಹತ್ತೊಂಬತ್ತು ಜನ ಗೋಡೆಗೆ ಮುಖ ಮಾಡಿ, ನನ್ನನ್ನು ನಂಬಿ ಕೂರುತ್ತಿದ್ದರು. ಅಡುಗೆಯಕ್ಕ ಕೂಡ ಊಟಕ್ಕೆ ಮುಂಚಿನ ನಲವತ್ತು ನಿಮಿಷದ ಸರದಿ ಶುರುವಾಗುವ ಗಂಟೆಗೆ ಅಕ್ಕಿ ಒಲೆಗಿಟ್ಟು, ಮುಗಿಯುವ ಗಂಟೆಗೆ ಇಳಿಸುತ್ತಿದ್ದಳು.

ನಾಲ್ಕನೆಯ ದಿನ ಊಟಕ್ಕೆ ಮುಂಚೆ ಕಾಲು ಜೋಮು ಹಿಡಿಯಿತು. ಅದನ್ನು ತಡೆದುಕೊಳ್ಳಬಹುದಿತ್ತು. ತಲೆಯೊಳಗಿನ ಗದ್ದಲವನ್ನಲ್ಲ: ಇಷ್ಟೆಲ್ಲ ಓದಿದ್ದೇಕೆ, ಇಲ್ಲಿಗೆ ಬಂದಿದ್ದೇಕೆ? ನಿಮಿಷದ ಮುಳ್ಳು ಅಲ್ಲಾಡಲೊಲ್ಲದು. ಎಂಟು ನಿಮಿಷ ಬಾಕಿ ಇರುವಾಗಲೇ ಬಾರಿಸಿಬಿಟ್ಟೆ.

ಅನ್ನ ಬೆಂದಿರಲಿಲ್ಲ. ಊಟದಲ್ಲಿ ಮಾತಾಡುವಂತಿಲ್ಲ, ಇಪ್ಪತ್ತು ಬಾಯಿ ಕಟಕಟ ಅಗಿಯುವ ಸದ್ದೊಂದೇ. ಅಡುಗೆಯಕ್ಕ ಕಿವಿಯವರೆಗೂ ಕೆಂಪಾಗಿ, ಎಲ್ಲರ ಮುಂದೆ ಕೈಮುಗಿದು ಬಗ್ಗಿ ಕ್ಷಮೆ ಕೇಳಿದಳು. ನಾನು ಬಟ್ಟಲು ನೋಡುತ್ತ ಕೂತೆ. ಮೌನ ನನಗೆ ಯಾವಾಗಲೂ ಇಷ್ಟ; ಅಂದು ಅನುಕೂಲವೂ ಆಗಿತ್ತು.

ಊಟವಾದ ಮೇಲೆ ಗುರುಗಳು ಕರೆದರು.

"ಅನ್ನ ಹೇಗಿತ್ತಮ್ಮ?"

"ಪರವಾಗಿಲ್ಲ."

"ನನಗಿರೋದು ನಾಲ್ಕೇ ಹಲ್ಲು. ಇವತ್ತು ನಾಲ್ಕಕ್ಕೂ ಕೈತುಂಬ ಕೆಲಸ."

ನನಗೆ ನಗು ಬರಲಿಲ್ಲ. "ಗಂಟೆ ಬೇರೆಯವರಿಗೆ ಕೊಡಿ, ಗುರುಗಳೇ. ನನ್ನ ಕೈಲಿ ಸುಮ್ಮನೆ ಕೂರೋಕಾಗಲ್ಲ."

"ಚಡಪಡಿಕೆ ಇಲ್ಲದವರಿಗೆ ಕೊಟ್ಟರೆ ಬಾರಿಸೋದನ್ನೇ ಮರೀತಾರೆ. ನಿನ್ನ ಹತ್ರಾನೇ ಇರಲಿ." ಎದ್ದು ನನ್ನ ಚಪ್ಪಲಿಯನ್ನು ಅಡುಗೆಮನೆಯ ದಿಕ್ಕಿಗೆ ತಿರುಗಿಸಿಟ್ಟರು. "ಅಕ್ಕ ಒಬ್ಬಳೇ ಪಾತ್ರೆ ತಿಕ್ತಿದಾಳೆ, ಹೋಗು. ಅಲ್ಲಿ ಮಾತಾಡಬಹುದು."

ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ತಪ್ಪಲೆ ತಿಕ್ಕಿದೆ. ಮೂರನೆಯದಕ್ಕೆ ಹೇಳಿದೆ: "ಅಕ್ಕಾ, ಗಂಟೆ ಎಂಟು ನಿಮಿಷ ಮುಂಚೆ ಹೊಡೆದೆ. ತಪ್ಪು ನಿಮ್ಮದಲ್ಲ."

ಅವಳ ಕೈ ನಿಂತಿತು. "ಅಯ್ಯೋ ಮಹರಾಯ್ತಿ! ಹದಿನೆಂಟು ವರ್ಷ ಅನ್ನ ಮಾಡಿದ ಕೈ ಕೆಟ್ಟೋಯ್ತು ಅಂತ ಕೊರಗ್ತಿದೀನಿ. ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ತಪ್ಪಾಯ್ತು."

"ನನಗೊಬ್ಬಳಿಗೆ ಹೇಳಿದ್ರೆ ಸಾಕಾ? ನಾನು ಬಗ್ಗಿದ್ದು ಎಲ್ಲರ ಮುಂದೆ."

ಮಧ್ಯಾಹ್ನದ ಸರದಿಗೆ ಎಲ್ಲರೂ ಗೋಡೆಗೆ ತಿರುಗಿ ಕೂತಾಗ ಎದ್ದು ನಿಂತೆ. ಅಡುಗೆಯಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು. ಹತ್ತೊಂಬತ್ತು ಬೆನ್ನುಗಳಿಗೆ ನನ್ನ ತಪ್ಪು ಹೇಳಿದೆ. ಯಾರೂ ತಿರುಗಲಿಲ್ಲ, ಯಾರೋ ಕೆಮ್ಮಿದರು, ಅದು ನಗುವೋ ಏನೋ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಗಂಟೆ ಬಾರಿಸಿ ಕೂತೆ. ಮುಂದೆ ಪೂರ್ತಿ ನಲವತ್ತು ನಿಮಿಷ.