ಎದುರು ಮಾತಿಗೆ ಕಾದ ಮಾಸ್ತರರು

ದುಂಡಪ್ಪ ಮಾಸ್ತರರು ಯಾವ ಕತೆಯನ್ನೂ ಪೂರ್ತಿ ಹೇಳಿದವರಲ್ಲ. ದರೋಡೆಕೋರರು ಕೋಟೆಯ ಬಾಗಿಲು ಒಡೆಯುತ್ತಿರಬೇಕು, ಒಳಗೆ ರಾಜಕುಮಾರಿಯ ಕೈಯಲ್ಲಿ ದೀಪ ನಡುಗುತ್ತಿರಬೇಕು, ಸುತ್ತ ಕುಕ್ಕರಿಸಿದ ಹುಡುಗರ ಬಾಯಿ ತೆರೆದೇ ಇರಬೇಕು. ಸರಿಯಾಗಿ ಆ ಗಳಿಗೆಗೆ ಅವರು ಎದ್ದು, ತಲೆಯ ಪಟಕಾ ಸರಿಮಾಡಿಕೊಂಡು, ಕರಿಯ ಕೋಟಿನ ಕಿಸೆಯಿಂದ ಪುಸ್ತಕ ತೆಗೆದು, "ಮುಂದಿಂದು ಇದರಾಗ ಐತಿ, ಓದಿಕೋರಿ" ಎಂದು ನಡೆದುಬಿಡುವರು. ಪುಸ್ತಕಗಳ ಭಾರಕ್ಕೆ ಜೋತುಬಿದ್ದ ಆ ಕಿಸೆಗಳು ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತಿದ್ದವು. ಕೊಣ್ಣೂರಿನ ಬೀದಿಯಲ್ಲಿ ಅವರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು.

ಶಾಲೆಯಲ್ಲಿದ್ದಷ್ಟು ಕಾಲ ನೀತಿಪಾಠ ಹೇಳಿ ಹೇಳಿ ಬೇಸತ್ತಿದ್ದರೋ ಏನೋ, ಪಿಂಚಣಿಯಾದ ಮೇಲೆ ಹರೆಯಕ್ಕೆ ಕಾಲಿಡುವ ಹುಡುಗ ಹುಡುಗಿಯರಿಗೆ ರುಚಿಯ ಪುಸ್ತಕ ಹುಡುಕಿಕೊಡುವುದೇ ಅವರ ಉದ್ಯೋಗವಾಯಿತು. "ಮೀಸಿ ಮೂಡೋ ವಯಸ್ಸಿಗೆ ನೀತಿ ಯಾಕ್ರಿ? ಕಳ್ಳರು ಬರಬೇಕು, ಹಡಗ ಮುಳುಗಬೇಕು!" ಎಂದು ತಂದೆತಾಯಿಗಳ ಎದುರೇ ಹೇಳಿ ಅವರ ಕೆಂಗಣ್ಣಿಗೆ ಗುರಿಯಾಗುವರು. ನೆಲ ನೋಡಿ ನಡೆಯುವವನಿಗೆ ಸಮುದ್ರಯಾನ, ಕಾರಣವಿಲ್ಲದೆ ನಗುವವಳಿಗೆ ಪತ್ತೇದಾರಿ. ನಡೆನುಡಿ ನೋಡಿ ಪುಸ್ತಕ ಆರಿಸುವ ಅವರ ಕೈಗುಣ ತಪ್ಪಿದ್ದು ಕಡಿಮೆ.

ಆದರೆ ಅವರಿಗೆ ಬೇಕಾದದ್ದು ಬೇರೆಯೇ ಇತ್ತು. ಹೆಂಡತಿ ಕಾಶೆವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಓದಿದವರು ಬಂದು ಪಕ್ಕದಲ್ಲಿ ಕುಳಿತು ಆ ಕತೆಯ ಮಾತಾಡಲಿ, ಬೇಕಾದರೆ ಜಗಳವನ್ನೇ ಆಡಲಿ ಎಂದು ಅವರ ಜೀವ ಹಂಬಲಿಸುತ್ತಿತ್ತು. ನಮ್ಮ ಕಡೆಯ ರೀತಿಯೋ, ಮಾಸ್ತರರ ಸರಿಸಮ ಕೂಡುವುದೇ ಉದ್ಧಟತನ. ಓದಿದವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕಟ್ಟೆಯ ಮೇಲಿಟ್ಟು, ಕಾಲುಮುಟ್ಟಿ, ಓಟ ಕೀಳುತ್ತಿದ್ದರು. "ಕೂಡ್ ಬಾ ಇಲ್ಲೆ" ಎಂದರೆ ಪರೀಕ್ಷೆ ಮಾಡುತ್ತಾರೆಂದು ಇನ್ನಷ್ಟು ಹೆದರುವರು. ಊರು ಅವರನ್ನು ಎತ್ತರದಲ್ಲಿ ಕೂಡಿಸಿ ಒಂಟಿ ಮಾಡಿಬಿಟ್ಟಿತ್ತು.

ಬಾಜೂ ಮನೆಯ ಶಿವಗಂಗವ್ವ ಒಬ್ಬಳೇ ಇದಕ್ಕೆ ಹೊರತು. ಹದಿನೈದರ ಆ ಹುಡುಗಿ ಒಂದು ಮುಂಜಾನೆ ಪುಸ್ತಕವನ್ನು ಕಟ್ಟೆಯ ಮೇಲೆ ಕುಕ್ಕಿ, ತಾನೂ ಅಲ್ಲಿಯೇ ಕುಳಿತಳು.

"ಆ ಪಾಪದಾಕೀನ ಯಾಕ ಸಾಯಿಸಿದ್ರಿ? ನನಗ ಊಟಾನ ಸೇರಲಿಲ್ಲ!"

"ನಾ ಎಲ್ಲಿ ಸಾಯಿಸಿದೆ ಯವ್ವಾ, ಬರದಾಂವ ಸಾಯಿಸ್ಯಾನ."

"ಹೊಳಿ ದಾಟಿಸಿ ಬದುಕಿಸಾಕ ಬರತಿದ್ದಿಲ್ಲೇನು? ಅಂವಗ ತಿಳೀಲಿಲ್ಲ, ಕೊಡೂಮುಂದ ನಿಮಗರ ತಿಳೀಬಾರದ?"

ಮಾಸ್ತರರ ಮುಖ ಅರಳಿತು. ಆಕೆ ಸಾಯಲೇಬೇಕಾಗಿತ್ತೆಂದು ವಾದಿಸಿದರು, ಸೋತರು, ಸೋತು ಮನಸಾರೆ ನಕ್ಕರು. ಆ ವರ್ಷವೆಲ್ಲ ಕಟ್ಟೆಯ ಮೇಲೆ ಇಂಥದೇ ಜಗಳ. ಮಾತಿನ ಭರದಲ್ಲಿ ಒಲೆಯ ಮೇಲಿನ ಹಾಲು ಮರೆತು ಉಕ್ಕಿಸಿದ್ದೂ ಉಂಟು. ಮರುವರ್ಷ ಮನೆಯವರು ಶಿವಗಂಗವ್ವನ ಮದುವೆ ಮಾಡಿ, ಕಣಗಲಾ ಊರಿನ ಗಂಡನ ಮನೆಗೆ ಕಳಿಸಿದರು. ಸೀರೆಗಳ ನಡುವೆ ಮಾಸ್ತರರ ಪುಸ್ತಕವೊಂದೂ ಹೋಯಿತು. ಬೇಕೆಂದೇ ಆರಿಸಿದ್ದು. ಅದರ ಕೊನೆ ಎಷ್ಟು ಕೆಟ್ಟದಾಗಿತ್ತೆಂದರೆ, ಓದಿದ ಮೇಲೆ ಆಕೆ ಸುಮ್ಮನಿರಲಾರಳೆಂದು ಅವರಿಗೆ ಪೂರ್ತಿ ನಂಬಿಕೆ.

ಬಹಳ ದಿನ ಕಾದರು. ಕಡೆಗೆ ತಡೆಯಲಾರದೆ, ನಿಪ್ಪಾಣಿಯಲ್ಲಿ ಏನೋ ಕೆಲಸವಿದೆಯೆಂದು ತಮಗೆ ತಾವೇ ಹೇಳಿಕೊಂಡು ಬಸ್ಸು ಹತ್ತಿ, ದಾರಿಯಲ್ಲೇ ಸಿಗುವ ಕಣಗಲಾದಲ್ಲಿ ಇಳಿದುಬಿಟ್ಟರು. ಆ ಮನೆಯವರು ಕಂಬಳಿ ಹಾಸಿ ಆದರಿಸಿದರು. ಅತ್ತೆ ಸುಂದ್ರವ್ವ, "ನಿಮ್ಮ ಊರಿನ ಮಾಸ್ತರ ಬಂದಾರ, ಕಾಲಿಗಿ ಬೀಳ ಬಾ" ಎಂದು ಸೊಸೆಯನ್ನು ಕರೆದಳು. ತಲೆತುಂಬ ಸೆರಗು ಹೊದ್ದು ಬಂದ ಶಿವಗಂಗವ್ವ ಕಾಲುಮುಟ್ಟಿ ಕಂಬದ ಮರೆಗೆ ಸರಿದಳು.

"ಪುಸ್ತಕ ಓದಿದೇನವಾ?"

"ಓದೀನ್ರಿ."

"ಹೆಂಗಿತ್ತು?" ಎಂದು ಕೇಳಿ, ಮಾಸ್ತರರು ಜಗಳಕ್ಕೆ ಸಿದ್ಧರಾಗಿ ಮುಂದಕ್ಕೆ ಬಾಗಿದರು.

ಆಕೆ ಅತ್ತೆಯ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. "ತಾವು ಕೊಟ್ಟದ್ದಂದ ಮ್ಯಾಲ ಚಲೋನ ಇರತೈತ್ರಿ."

ಸೊಸೆಯ ವಿನಯಕ್ಕೆ ಸುಂದ್ರವ್ವ ಹಿಗ್ಗಿಹೋದಳು. ಅವರು ಕೊಟ್ಟ ಚಹಾ ಕುಡಿದು, ಮಾಸ್ತರರು ಹೊತ್ತಾಯಿತೆಂದು ಎದ್ದರು. ಅಂದು ಅವರಿಗಾದ ದುಃಖ ಕಾಶೆವ್ವ ಹೋದಾಗಿನದಕ್ಕಿಂತ ಸಣ್ಣದೇನೂ ಆಗಿರಲಿಲ್ಲ.

ಓದಿನ ರುಚಿ ಹಚ್ಚುವವರ ಪಾಡೇ ಇದು. ನಾವು ಅವರ ಪಾದಕ್ಕೆರಗುತ್ತೇವೆ, ಸತ್ತ ಮೇಲೆ ಪಟಕ್ಕೆ ಮಾಲೆ ಹಾಕುತ್ತೇವೆ. ಅವರು ಜನ್ಮವಿಡೀ ಬೇಡಿದ್ದು ಮಾತ್ರ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಕುಳಿತು, "ನೀವು ಕೊಟ್ಟ ಪುಸ್ತಕ ನನಗೆ ಸೇರಲಿಲ್ಲ" ಎನ್ನಬಲ್ಲ ಒಬ್ಬೇ ಒಬ್ಬ ಮನುಷ್ಯನನ್ನು.