ಅರಗಿನ ಮುದ್ರೆಯೊಳಗಿನ ಲಾಳಿ

ನಾನು ದಾವಣಗೆರೆಯ ಬಟ್ಟೆ ಗಿರಣಿಯೊಂದರ ಲಾಳಿ. ಗಟ್ಟಿ ಮರವನ್ನು ಕೆತ್ತಿ, ನುಣ್ಣಗೆ ತಿಕ್ಕಿ, ಎರಡೂ ತುದಿಗೆ ಉಕ್ಕಿನ ಮೂತಿ ಕೂರಿಸಿ ನನ್ನನ್ನು ಮಾಡಿದರು. ನೂಲು ಹೊತ್ತು ಮಗ್ಗದ ಆ ಕಡೆಯಿಂದ ಈ ಕಡೆಗೆ ಓಡುವುದೇ ನನ್ನ ಬಾಳು. ಜಂಬ ಅಂದುಕೊಳ್ಳಬೇಡಿ, ಊರಿನ ಅರ್ಧ ಜನ ಉಟ್ಟ ಪಂಚೆಯಲ್ಲಿ ನನ್ನ ಓಟವಿದೆ.

ನನ್ನನ್ನು ಓಡಿಸುತ್ತಿದ್ದವನು ಹಾಲೇಶಪ್ಪ. ಪಾಪದ ಮನುಷ್ಯ. ದಿನಾ ಅಂಗಿಯ ತುದಿಯಿಂದ ನನ್ನನ್ನು ಒರೆಸಿಯೇ ಮಗ್ಗಕ್ಕೆ ಹಾಕುತ್ತಿದ್ದ. ಒಂದು ದಿನ ನನ್ನ ಮೂತಿ ಅಲುಗಿಸಿ ನೋಡಿ, "ಮೇಸ್ತ್ರಿ, ಇದು ಸಡ್ಲಾಗೇತ್ರಿ, ಬ್ಯಾರೆ ಲಾಳಿ ಕೊಡ್ರಿ," ಅಂದ.

"ಈ ಪಾಳಿ ಒಂದು ಮುಗ್ಸಪ್ಪ," ಅಂದ ಮೇಸ್ತ್ರಿ.

ಮಧ್ಯಾಹ್ನ ನಾನು ಮಗ್ಗದಿಂದ ಚಂಗನೆ ಹಾರಿ ಅದೇ ಮೇಸ್ತ್ರಿಯ ಹಣೆ ಒಡೆದೆ. ಅಯ್ಯೋ, ನಾನೇ! ಹಾಲೇಶಪ್ಪ ಬೇಕಂತಲೇ ಎಸೆದ ಎಂದು ಮೇಸ್ತ್ರಿ ಹೇಳಿಬಿಟ್ಟ. ಹಾಲೇಶಪ್ಪನ ಕೆಲಸವೂ ಹೋಯಿತು, ಹೆಸರೂ ಹೋಯಿತು. ಗಿರಣಿಯವರು ಸಾಕ್ಷಿಗೆಂದು ನನ್ನನ್ನು ಬಟ್ಟೆಯಲ್ಲಿ ಕಟ್ಟಿ, ಗಂಟಿಗೆ ಅರಗಿನ ಮುದ್ರೆ ಒತ್ತಿದರು.

ಹಾಲೇಶಪ್ಪ ಕಾರ್ಮಿಕ ನ್ಯಾಯಮಂಡಳಿಗೆ ಹೋದ. ಮೇಜಿನ ಮೇಲೆ ಗಂಟಿನೊಳಗೆ ಕೂತು ಕಾದೆ, ಯಾರೂ ಬಿಚ್ಚಲಿಲ್ಲ. ಆದರೂ "ಲಾಳಿಯನ್ನು ನೋಡಲಾಯಿತು, ಅದರಲ್ಲಿ ದೋಷವಿಲ್ಲ" ಎಂದು ತೀರ್ಪು ಬಂತು. ನನಗೆ ಮೈಯೆಲ್ಲ ಉರಿದುಹೋಯಿತು.

ಎರಡು ವರ್ಷದ ಮೇಲೆ ಹೈಕೋರ್ಟು. "ನೀವೇ ಬಿಚ್ಚಿ ನೋಡಿ ಸ್ವಾಮಿ," ಎಂದು ಹಾಲೇಶಪ್ಪನ ವಕೀಲರು ಬೇಡಿಕೊಂಡರು. ನ್ಯಾಯಮೂರ್ತಿಗಳು ಗಂಟನ್ನು ಕೈಗೆ ತೆಗೆದುಕೊಂಡರು. ಬಿಚ್ಚಿ, ಬಿಚ್ಚಿ ಎಂದು ಒಳಗೇ ಹಂಬಲಿಸಿದೆ.

"ಎಸೆದನೋ ಇಲ್ಲವೋ ಅಂತ ಮತ್ತೆ ತೂಗಿ ನೋಡೋದು ನನ್ನ ಕೆಲಸ ಅಲ್ಲ, ಅದು ಮಂಡಳಿಯದು. ಅವರು ಅದನ್ನ ಸರಿಯಾದ ರೀತಿಯಲ್ಲಿ ಮಾಡಿದರೇ ಅನ್ನೋದಷ್ಟೇ ನಾನು ನೋಡಬೇಕು," ಎಂದರು.

ಹಾಲೇಶಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಅವರು ಗಂಟನ್ನು ತಿರುಗಿಸಿದರು. "ಇದು ಗಿರಣಿಯವರೇ ಒತ್ತಿದ ಮುದ್ರೆ. ಇನ್ನೂ ಒಡೆದೇ ಇಲ್ಲವಲ್ಲ! ನೋಡದ್ದನ್ನ ನೋಡಿದೆವು ಅಂತ ಬರೆದರೆ ಅದು ವಿಚಾರಣೆ ಆಗೋದಿಲ್ಲ."

ತೀರ್ಪು ರದ್ದಾಯಿತು. ಮಂಡಳಿಯೇ ನನ್ನನ್ನು ನೋಡಿ ಹೊಸದಾಗಿ ತೀರ್ಮಾನಿಸಲಿ ಎಂದು ಗಂಟನ್ನು ಹಾಗೇ ಹಿಂದಕ್ಕೆ ಕಳಿಸಿದರು. ಕೈಯಲ್ಲಿ ಹಿಡಿದೂ ಬಿಚ್ಚಲಿಲ್ಲವಲ್ಲ ಪುಣ್ಯಾತ್ಮರು ಎಂದು ದಾರಿಯುದ್ದಕ್ಕೂ ಬೈದುಕೊಂಡೆ.

ಮಂಡಳಿಯಲ್ಲಿ ಎಲ್ಲರೆದುರು ಅರಗು ಒಡೆದರು. ಅಧಿಕಾರಿ ನನ್ನ ಮೂತಿ ಮುಟ್ಟಿದ್ದೇ ತಡ, ಅದು ಅವರ ಕೈಗೇ ಕಳಚಿ ಬಂತು. ಮೇಸ್ತ್ರಿ ಹಣೆಯ ಗಾಯದ ಕಲೆ ಸವರಿಕೊಂಡ. "ಅವ ಮೊದ್ಲೇ ಹೇಳಿದ್ದ ಸ್ವಾಮಿ. ನಾನೇ ಪಾಳಿ ಮುಗ್ಸು ಅಂದೆ. ನನ್ ಕೆಲ್ಸ ಹೋಗ್ತತೆ ಅಂತ ಹೆದ್ರಿ ಸುಳ್ಳಾಡ್ದೆ," ಎಂದು ಅತ್ತೇಬಿಟ್ಟ.

ಹಾಲೇಶಪ್ಪ ಮತ್ತೆ ಮಗ್ಗಕ್ಕೆ ಹೋದ. ಓಡಲಾರದ ನನ್ನನ್ನು ಕೇಳಿ ಪಡೆದು ಮನೆಗೆ ತಂದ. ಈಗ ಗೋಡೆಯ ಗೂಡಿನಲ್ಲಿದ್ದೇನೆ. ನ್ಯಾಯಮೂರ್ತಿಗಳ ಮೇಲಿನ ಸಿಟ್ಟು ಇಳಿದಿದೆ. ಅವರೇ ಅರಗು ಒಡೆದಿದ್ದರೆ ಮೇಸ್ತ್ರಿಯ ಕಣ್ಣೆದುರು ಒಡೆಯಲು ಏನು ಉಳಿಯುತ್ತಿತ್ತು?

ಹಾಲೇಶಪ್ಪ ದಿನಾ ಬೆಳಿಗ್ಗೆ ಅಂಗಿಯ ತುದಿಯಿಂದ ನನ್ನನ್ನು ಒರೆಸುತ್ತಾನೆ. ಮೂತಿಯಿಲ್ಲದ ಕಡೆ ಮಾತ್ರ ಮೆಲ್ಲಗೆ.